ಯಾರದೂ ಅಲ್ಲದ ಮುಖ

ಅವರ ಬಲಗೈ ಹೆಬ್ಬೆರಳು ಯಾವಾಗಲೂ ಕಪ್ಪಗಿರುತ್ತಿತ್ತು. ಇದ್ದಿಲಿನ ಕಡ್ಡಿಯಲ್ಲಿ ಗೀಚಿದ್ದನ್ನು ಆ ಬೆರಳಿನಿಂದಲೇ ತಿಕ್ಕಿ ಕೆನ್ನೆ, ಗಲ್ಲ ಮೂಡಿಸುತ್ತಿದ್ದರು. ಉಗುರಿನ ಸಂದಿಯ ಮಸಿ ಯಾವ ಸೋಪಿಗೂ ಹೋಗುತ್ತಿರಲಿಲ್ಲ. ನಮಸ್ಕಾರ ಮಾಡುವಾಗ ಆ ಬೆರಳನ್ನು ಒಳಕ್ಕೆ ಮಡಚಿಕೊಳ್ಳುತ್ತಿದ್ದರು. ಏನನ್ನೋ ಮುಚ್ಚಿಡುವ ಮನುಷ್ಯ ಎಂದು ನನಗೆ ಮೊದಲ ದಿನವೇ ಅನ್ನಿಸಿತು.

ನನ್ನ ಸ್ವಭಾವವೇ ಅನುಮಾನದ್ದು. ಸಂತೆಯಲ್ಲಿ ಬದನೆಕಾಯಿಯನ್ನು ಒಂದೊಂದಾಗಿ ತಿರುಗಿಸಿ ನೋಡಿ ಕೊಳ್ಳುವವಳು ನಾನು. ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರಾಗಿದ್ದೆ. ಹಿರಿಯೂರಿನ ಕಡೆಯವರಾದ ನಮ್ಮ ಹೆಡ್‌ಮಿಸ್ಟ್ರೆಸ್ ‘ಅನುಮಾನಂ ಪೆದ್ದ ರೋಗಂ’, ಅನುಮಾನ ದೊಡ್ಡ ರೋಗ, ಎಂದು ತೆಲುಗಿನಲ್ಲಿ ನನ್ನನ್ನು ಛೇಡಿಸುತ್ತಿದ್ದರು.

ಕೋಟೆಗೆ ಹೋಗುವ ದಾರಿಯಲ್ಲಿ ಆ ಕಪ್ಪು ಹೆಬ್ಬೆರಳಿನವರದೊಂದು ಕಿರಿದಾದ ಅಂಗಡಿ. ಊರವರು ಅವರನ್ನು ಪಟದವರು ಎನ್ನುತ್ತಿದ್ದರು. ಬದುಕಿದ್ದಾಗ ಒಂದು ಫೋಟೋ ಕೂಡ ತೆಗೆಸಿಕೊಳ್ಳದೆ ಸತ್ತವರ ಪಟ ಬರೆಯುವುದು ಅವರ ಕಸುಬು. ಮನೆಯವರ ಬಾಯಿಂದ ಕೇಳಿ, ತಾವು ಕಂಡೇ ಇರದ ಮುಖವನ್ನು ಬರೆಯುತ್ತಿದ್ದರು. ಹೊಳಲ್ಕೆರೆ, ಹೊಸದುರ್ಗದಿಂದೆಲ್ಲ ಜನ ಬಸ್ಸು ಹತ್ತಿ ಬರುತ್ತಿದ್ದರು. ಕಾಣದ ಮುಖವನ್ನು ಬರೆಯುವುದು ಹೇಗೆ ಸಾಧ್ಯ? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡೆ.

ಆ ವರ್ಷ ಊರಿನ ಕಲಾವಿದರ ಚಿತ್ರಗಳನ್ನೆಲ್ಲ ನಮ್ಮ ಶಾಲೆಯ ಸಭಾಂಗಣದಲ್ಲಿ ಪ್ರದರ್ಶನಕ್ಕಿಟ್ಟು, ಅವರಿಗೆ ಹಾರ ಹಾಕಿ ಗೌರವಿಸಬೇಕೆಂದು ನಾವು ಕೆಲವರು ಸೇರಿ ನಿಶ್ಚಯಿಸಿದೆವು. ಚಂದ್ರವಳ್ಳಿಯ ಕೆರೆಯನ್ನು ಎಣ್ಣೆಬಣ್ಣದಲ್ಲಿ ಬರೆಯುವ ಬ್ಯಾಂಕಿನವರೊಬ್ಬರಿದ್ದರು. ಕೋಟೆಯ ಬಂಡೆಗಳನ್ನು ನಾಲ್ಕು ಗೆರೆಯಲ್ಲಿ ಹಿಡಿದು ಕೂರಿಸುವ ನಮ್ಮ ಡ್ರಾಯಿಂಗ್ ಮೇಷ್ಟ್ರಿದ್ದರು. ಬೆಂಗಳೂರಿನವರಿಗೆ ಯಾವುದರಲ್ಲೂ ಕಮ್ಮಿಯಿಲ್ಲದ ಜನ. ಮೇಷ್ಟ್ರು ಪಟ್ಟಿಯಲ್ಲಿ ಪಟದವರ ಹೆಸರನ್ನೂ ಬರೆದರು.

“ತಡೀರಿ, ಮೊದ್ಲು ನಾನು ಹೋಗಿ ನೋಡ್ಕಂಡ್ ಬರ್ತೀನಿ” ಎಂದೆ.

ದೇವರ ಪಟಕ್ಕೆ ಕಟ್ಟು ಹಾಕಿಸುವ ನೆಪದಲ್ಲಿ ಮೂರು ಸಂಜೆ ಅವರ ಅಂಗಡಿಯ ಬೆಂಚಿನಲ್ಲಿ ಕುಳಿತೆ. ಕಳ್ಳನನ್ನು ಕಾಯುವವಳಂತೆ ಅವರ ಮುಖವನ್ನೇ ನೋಡುತ್ತಿದ್ದೆ. ಮೂರು ದಿನವೂ ಬೇರೆ ಬೇರೆ ಮನೆಯವರು ಬಂದರು. ಪ್ರತಿಸಲವೂ ಇವರು ಮಣೆಯ ಕೆಳಗಿನಿಂದ ಒಂದು ಹಾಳೆ ತೆಗೆದು “ಹಿಂಗಿದ್ರಾ?” ಎಂದು ಮುಂದೆ ಹಿಡಿಯುತ್ತಿದ್ದರು. ಮೂರು ಸಲವೂ ಅದೇ ಹಾಳೆ, ಅದೇ ಉದ್ದ ಮೂಗಿನ ಸಪ್ಪೆ ಮುಖ. ಬಂದವರು ರೇಗಿ ಜಗಳಕ್ಕೆ ನಿಂತರೆ ಇವರು ಎಡಗಣ್ಣು ಅರ್ಧ ಮುಚ್ಚಿ “ಹೂಂ, ಹೇಳ್ರಿ” ಎನ್ನುತ್ತಿದ್ದರು. ಮುಂದೇನಾಗುತ್ತದೆಂದು ನಾನು ಕಾಯಲಿಲ್ಲ. ನನಗೆ ಬೇಕಾದದ್ದು ಸಿಕ್ಕಿತ್ತು.

“ಆವಯ್ಯ ಕಲಾವಿದ ಅಲ್ಲ, ಮೋಸಗಾರ. ಸತ್ತೋರಿಗೆಲ್ಲ ಒಂದೇ ಮೂಗು” ಎಂದು ಸಭೆಯಲ್ಲಿ ಹೇಳಿದೆ. ಮಕ್ಕಳ ಲೆಕ್ಕ ತಿದ್ದುವ ಕೆಂಪು ಪೆನ್ನಿನಿಂದ ಅವರ ಹೆಸರನ್ನು ನಾನೇ ಹೊಡೆದು ಹಾಕಿದೆ.

ಪ್ರದರ್ಶನದ ದಿನ ಅವರು ತಾವಾಗಿ ಬಂದರು. ಕೈ ಹಿಂದೆ ಕಟ್ಟಿಕೊಂಡು ಒಂದೊಂದು ಚಿತ್ರದ ಮುಂದೆಯೂ ಬಹಳ ಹೊತ್ತು ನಿಂತರು. ಹೊರಡುವಾಗ “ಭಾಳ ಚೆನ್ನಾಗಿ ಮಾಡಿದೀರಿ ಮೇಡಂ” ಎಂದರು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೇನೋ ಎಂದು ಗಮನಿಸಿದೆ. ಅಂಥದ್ದೇನೂ ಕಾಣಲಿಲ್ಲ. ಪಳಗಿದ ಕಳ್ಳನಿರಬೇಕು ಎಂದುಕೊಂಡೆ.

ಅದಾದ ಕೆಲವು ತಿಂಗಳಿಗೆ ನಮ್ಮೂರು ಮತ್ತೋಡಿನಿಂದ ನನ್ನ ದೊಡ್ಡಮ್ಮ ಬಂದಳು. ನನಗೆ ಒಂದೂವರೆ ವರ್ಷವಿದ್ದಾಗ ಅವ್ವ ತೀರಿಕೊಂಡಿದ್ದಳು. ಅವಳ ಅಕ್ಕನಾದ ದೊಡ್ಡಮ್ಮನೇ ಕುರಿ ಕಾಯುತ್ತ, ಹೊಲ ಗೇಯುತ್ತ ನನ್ನನ್ನು ಸಾಕಿ ಓದಿಸಿದವಳು. ಅವ್ವನ ಒಂದು ಫೋಟೋವೂ ಇರಲಿಲ್ಲ. ಅವಳ ಮುಖ ನನಗೆ ನೆನಪಿಲ್ಲ.

“ನಿಮ್ಮವ್ವನ ಪಟ ಬರೆಸಾಣ ಕಣೇ” ಎಂದಳು ದೊಡ್ಡಮ್ಮ. “ನನ್ ಕಣ್ಣು ಮಬ್ಬಾಗ್ತಾ ಐತೆ. ನಾನೂ ಹೋದ್ರೆ ಅವ್ಳ ಮುಖ ಕಂಡೋರು ಇನ್ಯಾರವ್ರೆ?”

ಬೇಡವೆಂದರೂ ಕೇಳಲಿಲ್ಲ, ಅಂಗಡಿಗೆ ಕರೆದುಕೊಂಡು ಹೋದೆ. ಪಟದವರು ಅದೇ ಹಾಳೆ ತೆಗೆದಾಗ ನನಗೆ ತಡೆಯಲಾಗಲಿಲ್ಲ. “ಇದು ಯಾರ್ದು ಮುಖ? ಎಲ್ರಿಗೂ ಇದ್ನೇ ತೋರಿಸ್ತೀರಲ್ಲ?”

“ಯಾರ್ದೂ ಅಲ್ರಿ ಮೇಡಂ” ಎಂದರು ಮೆಲ್ಲಗೆ. “ಹೆಂಗಿದ್ರು ಅಂತ ಕೇಳಿದ್ರೆ ಹೇಳಕ್ಕೆ ಬರಲ್ಲ. ಚೆನ್ನಾಗಿದ್ರು ಅಂತಾರೆ, ಅಳ್ತಾರೆ. ತಪ್ಪು ಮುಖ ತೋರಿಸಿದ್ರೆ ಸಿಟ್ಟು ಬರ್ತೈತೆ. ಸಿಟ್ನಾಗೆ ಎಲ್ಲಾ ನೆಪ್ಪಾಗ್ತೈತೆ.”

ದೊಡ್ಡಮ್ಮ ಆಗಲೇ ಜಗಳಕ್ಕೆ ನಿಂತಿದ್ದಳು. “ಇದೇನಪ್ಪ ಗಿಣಿಮೂಗು? ನನ್ ತಂಗಿದು ಇಂಗಿರ್ಲಿಲ್ಲ. ಹಣೆ ಇಷ್ಟಗಲ ಎಲ್ಲಿತ್ತು? ತಡಿ, ಮುಂದಿನ ಹಲ್ಲು ಒಂದು ಚೂರು ಮುರಿದಿತ್ತು, ಬಾವಿತಾವ ಕೊಡ ತಗಲಿ. ನಗುವಾಗ ಕೈ ಅಡ್ಡ ಇಟ್ಕಳೋಳು.”

ಅವ್ವನ ಹಲ್ಲು ಮುರಿದಿತ್ತೆಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ.

ಪಟದವರು ಹೊಸ ಹಾಳೆಯಲ್ಲಿ ಬರೆದರು, ಅಳಿಸಿದರು, ಹೆಬ್ಬೆರಳಲ್ಲಿ ತಿಕ್ಕಿದರು. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಅದನ್ನೇ ಎಲ್ಲೆಲ್ಲೋ ಹುಡುಕಿದರು. ನಾಲ್ಕನೆಯ ಸಲ ಹೋದಾಗ ದೊಡ್ಡಮ್ಮ ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಏನೂ ತಕರಾರು ಹೇಳಲಿಲ್ಲ. ಹಾಳೆಯ ಜೊತೆಗೇ ಮಾತಾಡಿದಳು.

“ಕೂಸ್ನ ನನ್ ಮಡ್ಲಿಗೆ ಹಾಕಿ ಹೋಗ್ಬಿಟ್ಯಲ್ಲೇ. ನೋಡು, ಟೀಚರ್ ಆಗವ್ಳೆ.”

ನಾನು ಆ ಅಂಗಡಿಯಲ್ಲೇ ಕುಳಿತು ಅತ್ತೆ. ಪಟದವರು ನಮ್ಮ ಕಡೆ ಬೆನ್ನು ಹಾಕಿ ಕಟ್ಟಿನ ಗಾಜು ಒರೆಸುತ್ತ ನಿಂತರು. ಹೆಸರು ಹೊಡೆದದ್ದು ನಾನೇ ಎಂದು ಹೇಳಬೇಕೆಂದಿದ್ದೆ. ಬಾಯಿ ಬರಲಿಲ್ಲ. ಮುಂದಿನ ಪ್ರದರ್ಶನಕ್ಕೆ ಅವರನ್ನೇ ಮೊದಲು ಕರೆದರಾಯಿತು ಎಂದು ಸಮಾಧಾನ ಹೇಳಿಕೊಂಡೆ. ಮುಂದಿನ ಪ್ರದರ್ಶನ ಆಗಲೇ ಇಲ್ಲ.

ಎರಡು ವರ್ಷದ ಮೇಲೆ ಅವರು ಜ್ವರದಲ್ಲಿ ತೀರಿಕೊಂಡರು. ಊರಿಗೆಲ್ಲ ಪಟ ಬರೆದವರ ಮನೆಯಲ್ಲಿ ಅವರದೇ ಒಂದು ಪಟವಿರಲಿಲ್ಲ. ಡ್ರಾಯಿಂಗ್ ಮೇಷ್ಟ್ರು ಹಾಳೆ ಹಿಡಿದು ಅವರ ಹೆಂಡತಿಯ ಮುಂದೆ ಕುಳಿತರು. ನಾನೂ ಜೊತೆಗಿದ್ದೆ. ಆಕೆ “ಚೆನ್ನಾಗಿದ್ರು” ಎಂದಷ್ಟೇ ಹೇಳಿ ಅಳುತ್ತಿದ್ದರು.

ನಾನು ಅಂಗಡಿಗೆ ಹೋಗಿ ಮಣೆಯ ಕೆಳಗಿನ ಹಾಳೆ ತಂದೆ. ಅಂಚು ಸವೆದು ಮಾಸಿಹೋಗಿತ್ತು. ಆಕೆಯ ಮುಂದಿಟ್ಟು “ಇವ್ರೇ ಅಲ್ವೇನಮ್ಮ?” ಎಂದೆ.

ಆಕೆಯ ಅಳು ನಿಂತಿತು. “ಇದೆಲ್ಲಿ ಅವ್ರು? ಮೂಗು ಹಿಂಗಿತ್ತಾ ಅವ್ರದ್ದು? ಮೊಂಡಲ್ವ?”

ಮೇಷ್ಟ್ರು ಬರೆಯತೊಡಗಿದರು. ಮೂಗು, ಗಲ್ಲ ಆಕೆ ಹೇಳಿದರು. ಉಳಿದದ್ದನ್ನು ನಾನು ಹೇಳುತ್ತ ಹೋದೆ. ಮಾತು ಕೇಳುವಾಗ ಎಡಗಣ್ಣು ಅರ್ಧ ಮುಚ್ಚುತ್ತಿತ್ತು, ಪೆನ್ಸಿಲ್ ಸಿಕ್ಕಿಸಿ ಸಿಕ್ಕಿಸಿ ಬಲಗಿವಿ ಮುಂದಕ್ಕೆ ಬಾಗಿತ್ತು, ಕೆಳತುಟಿಯ ಮೂಲೆಯಲ್ಲಿ ಒಂದು ಹಳೆಯ ಗಾಯದ ಗೆರೆಯಿತ್ತು. ಹೆಂಡತಿ “ಹೌದು, ಹೌದು” ಎನ್ನುತ್ತಿದ್ದರು.

ಮೇಷ್ಟ್ರು ತಲೆಯೆತ್ತಿ ನೋಡಿದರು. “ಇಷ್ಟೆಲ್ಲ ಯಾವಾಗ ನೋಡಿದ್ರಿ ಮೇಡಂ?”

“ಅನುಮಾನ ಪಟ್ಟಿದ್ನಲ್ಲ” ಎಂದೆ, “ಆವಾಗ.”