ಕ್ಯಾನಿನಲ್ಲಿ ಸಿಗದ ಪಾದರಸ

ಠಾಣೆ ಶಹರದ ವಾಗ್ಳೆ ಕೈಗಾರಿಕಾ ಎಸ್ಟೇಟಿನಲ್ಲಿ ಜ್ವರ ನೋಡುವ ಥರ್ಮಾಮೀಟರ್ ತಯಾರಿಸುವ ಸಣ್ಣ ಕಾರ್ಖಾನೆಯೊಂದಿತ್ತು. ನನ್ನ ಗಂಡ ಅಲ್ಲಿ ಗಾಜಿನ ಕೊಳವೆಗಳಿಗೆ ಪಾದರಸ ತುಂಬಿಸುತ್ತಿದ್ದರು. ಎಂಬತ್ತರ ದಶಕದ ಆರಂಭದಲ್ಲಿ ಅದು ಮುಚ್ಚಿತು. ಇವರು ನಾವಿದ್ದ ಡೊಂಬಿವಲಿಯ ಉಡುಪಿ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂತರು. ವರ್ಷ ಕಳೆದ ಮೇಲೆ ಕಾರ್ಖಾನೆ ಮತ್ತೆ ತೆರೆಯಿತು. ಹಳೆಯ ಸೂಪರ್‌ವೈಸರ್ ಮನೆಗೇ ಬಂದು ಕರೆದರು. ಪಗಾರ ಹೋಟೆಲಿಗಿಂತ ಚೆನ್ನಾಗಿತ್ತು. ಇವರಿಗೆ ಹೋಗುವ ಮನಸ್ಸು. ನನಗೆ ಇವರ ಕೈಯದೇ ಯೋಚನೆ. ಬೆರಳು ನಡುಗಿ ಚಹಾದ ಕಪ್ ಸಾಸರಿನ ಮೇಲೆ ಕಟಕಟ ಎನ್ನುತ್ತಿತ್ತು. ಅಂಗಿಯ ಕತ್ತಿನ ಗುಂಡಿಯನ್ನು ನಾನೇ ಹಾಕಬೇಕಿತ್ತು.

“ಮೊದಲು ಪಾದರಸ ಮೈಯಲ್ಲಿ ಉಂಟಾ ಅಂತ ನೋಡುವ,” ಎಂದೆ.

“ಇಲ್ಲ ಅಂತ ಬಂದರೆ ಕಳಿಸ್ತೀಯಲ್ಲ?”

“ಬರಲಿ, ನೋಡುವ.”

ಠಾಣೆಯ ಡಾಕ್ಟರು ಬಿಳಿಯ ಪ್ಲಾಸ್ಟಿಕ್ ಕ್ಯಾನೊಂದನ್ನು ಕೊಡಿಸಿದರು. ಬೆಳಗ್ಗೆ ಎದ್ದಾಗಿನ ಮೊದಲ ಮೂತ್ರ ಬಿಟ್ಟು, ಮರುದಿನ ಬೆಳಗಿನವರೆಗಿನದ್ದನ್ನೆಲ್ಲ ಡಬ್ಬಿಯಲ್ಲಿ ಹಿಡಿದು ಪರೀಕ್ಷೆಗೆಂದು ಆ ಕ್ಯಾನಿಗೆ ಸುರಿಯಬೇಕು. ಮೂತ್ರ ಕೆಡದಿರಲೆಂದು ತಳದಲ್ಲಿ ಸ್ವಲ್ಪ ಆಸಿಡ್ ಇರುತ್ತದೆ, ಚೆಲ್ಲಬಾರದು.

ನಾನು ತರಕಾರಿ ತರುವಷ್ಟರಲ್ಲಿ ಅತ್ತೆ ಆಸಿಡ್ಡನ್ನು ಮೋರಿಗೆ ಸುರಿದು, ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ, ಕ್ಯಾನನ್ನು ನಮ್ಮ ಚಾಳಿನ ಸಾಲುಮನೆಗಳ ಮುಂದಿನ ಗ್ಯಾಲರಿಯಲ್ಲಿ ಬೋರಲು ಹಾಕಿದ್ದರು.

“ಅತ್ತೆ, ಅದರಲ್ಲಿ ಔಷಧ ಇತ್ತು!”

“ಎಂತ ಔಷಧ ಮಾರಾಯ್ತಿ? ಆಸ್ಪತ್ರೆಯ ಪಾತ್ರೆಯನ್ನು ಹಾಗೇ ಒಳಗೆ ತರುದಾ? ಯಾರ್ಯಾರದ್ದು ಹಿಡಿದದ್ದೋ ಏನೋ!”

ಮತ್ತೆ ಠಾಣೆಗೆ ಹೋಗಿ ಇನ್ನೊಂದು ಕ್ಯಾನು ತಂದೆ. ಇವರು ಹೋಟೆಲಿಗೆ ರಜೆ ಹಾಕಿದರು. ಪಾಯಿಖಾನೆ ಇದ್ದದ್ದು ಗ್ಯಾಲರಿಯ ಕೊನೆಗೆ, ಎಲ್ಲರಿಗೂ ಸೇರಿ. ಕ್ಯಾನು ಹಿಡಿದು ಇವರು ಹೊರಟಾಗಲೆಲ್ಲ ಪಕ್ಕದ ಮನೆಯ ಮರಾಠಿ ಹೆಂಗಸು, “ಕಾಯ್ ವಹಿನಿ, ಭಾವೋಜಿ ದೂಧ್ ವಿಕಾಯ್‌ಲಾ ನಿಘಾಲೇ ಕಾ?” ಎಂದು, ಹಾಲು ಮಾರಲು ಹೊರಟರಾ ಎಂದು ಕೆಣಕುತ್ತಿದ್ದಳು. “ನಿಮಗೆಷ್ಟು ಬೇಕು ಹೇಳಿ,” ಎಂದೆ. ಆಮೇಲೆ ಕೇಳಲಿಲ್ಲ.

ರಿಪೋರ್ಟು ಬಂತು. ಪಾದರಸ ಹೆಚ್ಚೇನೂ ಇರಲಿಲ್ಲ.

“ನೋಡಿದೆಯಾ?” ಎಂದು ಇವರು ಡಾಕ್ಟರ ಎದುರೇ ನನ್ನತ್ತ ತಿರುಗಿದರು.

ಡಾಕ್ಟರು ಇವರ ಕೈ ಮುಂದಕ್ಕೆ ಚಾಚಿಸಿ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಫ್ಯಾನು ಆರಿಸಿದ್ದರೂ ಹಾಳೆ ಅಲುಗಾಡಿತು. “ವರ್ಷ ದೂರ ಇದ್ದಿರಿ, ಮೈ ಬಹಳಷ್ಟನ್ನು ಹೊರಗೆ ಹಾಕಿದೆ. ಈ ಪರೀಕ್ಷೆ ಈಚಿನ ಕೆಲವು ತಿಂಗಳದ್ದನ್ನು ಹೇಳುತ್ತದೆ. ಅದಕ್ಕಿಂತ ಹಿಂದೆ ಎಷ್ಟಿತ್ತು, ಏನು ಮಾಡಿತು ಎಂಬುದು ಇದರಲ್ಲಿ ಸಿಗುವುದಿಲ್ಲ,” ಎಂದು ಮರಾಠಿಯಲ್ಲಿ ವಿವರಿಸಿದರು.

ಲೋಕಲ್ ರೈಲಿನಲ್ಲಿ ಕೂತ ಮೇಲೂ ಇವರದು ಅದೇ ರಾಗ. “ಇಲ್ಲ ಅಂತ ಬಂತಲ್ಲ!”

“ಹೋಗಿದೆ ಅಂತ ಬಂದದ್ದು. ಅಷ್ಟು ಕಷ್ಟದಲ್ಲಿ ಹೊರಗೆ ಹೋದದ್ದನ್ನು ಪಗಾರ ತಗೊಂಡು ಪುನಃ ತುಂಬಿಸಿಕೊಳ್ಳುದಾ?”

ಮುಂಬ್ರಾ ಸ್ಟೇಷನ್ ದಾಟುತ್ತಲೇ ಇವರು ರಿಪೋರ್ಟನ್ನು ಮಡಚಿ ನನ್ನ ಚೀಲದೊಳಗೆ ಹಾಕಿದರು. ನಾನು ಮತ್ತೆ ಆ ಮಾತೆತ್ತಲಿಲ್ಲ. ಎತ್ತುವ ಅಗತ್ಯವಿಲ್ಲ ಎಂದು ನನಗೆ ಗೊತ್ತಿತ್ತು.

ಮುಂದಿನ ವಾರ ಸೂಪರ್‌ವೈಸರ್ ಬಂದರು. ನಾನು ಚಹಾ ಇಟ್ಟೆ. ಇವರು ನೆಲ ನೋಡುತ್ತಾ, “ನಕೋ ಸಾಹೇಬ್. ಬಾಯಕೋ ಸೋಡತ್ ನಾಹೀ,” ಎಂದರು. ಹೆಂಡತಿ ಬಿಡುವುದಿಲ್ಲವಂತೆ!

ನಾನು ಬಾಯಿ ತೆರೆಯುವ ಮೊದಲೇ, ಮರಾಠಿ ಬಾರದಿದ್ದರೂ ಅಷ್ಟು ಮಾತ್ರ ಅರ್ಥವಾಗಿದ್ದ ಅತ್ತೆ ಒಳಗಿನಿಂದ ಕೂಗಿದರು: “ಅವಳ ತಲೆಗೆ ಯಾಕೆ ಕಟ್ತೀಯಾ? ನಾನೂ ಬಿಡುದಿಲ್ಲ ಅಂತ ಹೇಳು!”