ಚಿತ್ತಮ್ಮ ತಿರುಗಿಸಿ ನೋಡಿದ ಸ್ವೆಟರು

ಕೈಯಲ್ಲಿ ಹೆಣೆದ ಸ್ವೆಟರನ್ನು ಯಾರೇ ತಂದುಕೊಡಲಿ, ಮೊಳಕಾಲ್ಮೂರಿನ ಚಿತ್ತಮ್ಮ ಮೊದಲು ಮಾಡುವ ಕೆಲಸ ಅದನ್ನು ಒಳಮಗ್ಗುಲಿಗೆ ತಿರುಗಿಸುವುದು. ಮೇಲಿನ ಹೂವು, ಬಳ್ಳಿ, ಬಣ್ಣ ಯಾವುದೂ ಆಕೆಗೆ ಬೇಡ. ಒಳಗೆ ಜೋತುಬಿದ್ದ ಎಳೆಗಳನ್ನೂ ಗಂಟುಗಳನ್ನೂ ಬೆರಳಿನಿಂದ ಸವರಿ ತುಟಿ ಓರೆ ಮಾಡುತ್ತಾಳೆ. ಆ ತುಟಿ ಕಂಡರೆ ಚಳ್ಳಕೆರೆಯ ಹೆಂಗಸರಿಗೆ ಮೈಯೆಲ್ಲ ಉರಿಯುತ್ತದೆ. ಆದರೂ ಬರುತ್ತಾರೆ.

ಆಕೆಯದು ರೇಷ್ಮೆ ಸೀರೆ ನೇಯುವ ಮನೆ. ಗಂಡ ಸೂರಪ್ಪ ನೇಯ್ದ ಸೀರೆಯ ಸೆರಗಿಗೆ ಕುಚ್ಚು ಕಟ್ಟಿ, ಮಿಕ್ಕ ಎಳೆ ಕತ್ತರಿಸಿ, ಮಡಿಕೆ ಹಾಕಿ ಅಂಗಡಿಗೆ ಒಪ್ಪುವಂತೆ ಮಾಡುವುದು ಮೂವತ್ತು ವರ್ಷ ಆಕೆಯ ಕೆಲಸವಾಗಿತ್ತು. ಸೂರಪ್ಪನ ಮಂಡಿ ಹೋಗಿ ಮಗ್ಗದ ಕುಣಿಗೆ ಇಳಿಯಲಾಗದಂತಾದ ಮೇಲೆ ಮಗ್ಗ ನಿಂತಿತು. ಅದೇ ಹೊತ್ತಿಗೆ ಚಳ್ಳಕೆರೆಯಲ್ಲಿದ್ದ ಸಂಬಂಧಿ ನಾಗರತ್ನ ಒಂದು ಸ್ವೆಟರಿನ ಎದೆ, ಬೆನ್ನು, ಎರಡು ತೋಳುಗಳನ್ನು ಬಿಡಿಬಿಡಿಯಾಗಿ ಚೀಲದಲ್ಲಿ ತುಂಬಿಕೊಂಡು ಬಂದಳು. 'ಹೆಣೆಯೋದು ಹೆಣೆದ್ಬಿಟ್ಟೆ ಚಿಕ್ಕಮ್ಮ, ಜೋಡಿಸೋಕೆ ಬೇಜಾರು' ಎಂದಳು.

ಚಿತ್ತಮ್ಮ ಜೋಡಿಸಿಕೊಟ್ಟಳು. ಹೊಲಿಗೆ ಎಲ್ಲಿದೆಯೆಂದು ಹುಡುಕಬೇಕಾಗಿತ್ತು, ಹಾಗಿತ್ತು. ಅಂದಿನಿಂದ ಚಳ್ಳಕೆರೆಯ ಉಲ್ಲನ್ ಕ್ಲಾಸಿನವರ ಚೀಲಗಳು ಬಸ್ಸು ಹತ್ತಿ ಬರತೊಡಗಿದವು. ಗೃಹಪ್ರವೇಶಕ್ಕೆ ಕೊಡುವ ಮೇಜಿನ ಹೊದಿಕೆ, ಮದುವೆಗೆ ಕೊಡುವ ಶಾಲು, ಮೊಮ್ಮಗನ ಟೋಪಿ, ಎಲ್ಲವೂ ಅರ್ಧಂಬರ್ಧ. ಸೀರಿಯಲ್ ನೋಡುತ್ತ ಹೆಣೆಯಲು ಅವರಿಗೆ ಹುರುಪು. ಕೊನೆಯ ಎಳೆಯನ್ನು ಸೂಜಿಗೆ ಪೋಣಿಸಿ ಮುಚ್ಚುವಷ್ಟರಲ್ಲಿ ಎಲ್ಲರಿಗೂ ಸೊಂಟನೋವು. 'ಊಟ ಉಂಡು ಕೈ ತೊಳೆಯೋಕೆ ಆಳು ಕರೆಯೋ ಜನ' ಎಂದು ಚಿತ್ತಮ್ಮ ಗಂಡನೆದುರು ಹಲ್ಲು ಕಡಿಯುತ್ತಿದ್ದಳು. ಮನೆಯಲ್ಲಿ ತೆಲುಗಾಡುವ ಸೂರಪ್ಪ, 'ಪೋನೀಲೇ, ಹೋಗ್ಲಿ ಬಿಡು, ನಿನಗ್ಯಾಕೆ' ಎಂದು ಮಗ್ಗುಲಾಗುತ್ತಿದ್ದ.

ಆ ಕ್ಲಾಸು ನಡೆಸುತ್ತಿದ್ದವಳು ಮಾಲತಿ. ಗಂಡನದು ಶೇಂಗಾ ಎಣ್ಣೆ ಮಿಲ್ಲು. ಹೆಣೆದದ್ದನ್ನೆಲ್ಲ ಫೋಟೋ ತೆಗೆದು ಊರಿಗೆಲ್ಲ ಕಳಿಸುವುದು ಆಕೆಯ ದಿನಚರಿ. ಹೋದ ಜನವರಿಯ ಚಳಿಯಲ್ಲಿ ತಂಗಿಯ ಮಗಳು ಮೌನಿಕಾಳ ಕೂಸಿನ ನಾಮಕರಣಕ್ಕೆಂದು ಸ್ವೆಟರ್, ಟೋಪಿ, ಕಾಲುಚೀಲ ಹೆಣೆದು, ನಾಲ್ಕು ದಿನ ಮುಂಚೆ ಕಾರಿನಲ್ಲಿ ತಾನೇ ಬಂದಳು.

ಚಿತ್ತಮ್ಮ ತಿರುಗಿಸಿ ನೋಡಿದಳು. ಬಣ್ಣ ಬದಲಾದಲ್ಲೆಲ್ಲ ಒಂದೊಂದು ಗಂಟು, ಗಂಟಿನ ಪಕ್ಕದಲ್ಲೇ ಉಗುರುದ್ದಕ್ಕೆ ಕತ್ತರಿಸಿದ ಎಳೆ. ಎರಡು ತೋಳನ್ನು ಒಂದರ ಮೇಲೊಂದಿಟ್ಟಳು. ಒಂದು ತೋಳು ಇನ್ನೊಂದಕ್ಕಿಂತ ನಾಲ್ಕು ಸಾಲು ಉದ್ದ.

'ಕೂಸಿಗೆ ಒಂದು ಕೈ ಉದ್ದ ಐತೇನ್ರೀ ಮಾಲತಮ್ಮ?'

'ಮಡಚಿದ್ರಾಯ್ತು ಬಿಡಿ.'

'ಈ ಗಂಟು?'

'ಒಳಗಡೆ ಯಾರು ನೋಡ್ತಾರೆ ಚಿತ್ತಮ್ಮ?'

'ಕೂಸಿನ ಮೈಗೆ ಒಳಗಡೆನೇ ತಾಕೋದು' ಎಂದಳು ಚಿತ್ತಮ್ಮ. ಮಾಲತಿ ಫೋನಿನತ್ತ ತಿರುಗಿದಳು.

ಎರಡು ದಿನ ಚಿತ್ತಮ್ಮ ಆ ಕೆಲಸದ ಮೇಲೆ ಕೂತಳು. ಉದ್ದದ ತೋಳನ್ನು ನಾಲ್ಕು ಸಾಲು ಬಿಚ್ಚಿ ಮತ್ತೆ ಮುಚ್ಚಿದಳು. ಗಂಟುಗಳನ್ನು ಒಂದೊಂದಾಗಿ ಬಿಡಿಸಿದಳು. ಎಳೆ ಗಿಡ್ಡವಿದ್ದುದರಿಂದ ಬರಿಸೂಜಿಯನ್ನು ಮೊದಲು ಹೆಣಿಗೆಯೊಳಗೆ ತೂರಿಸಿ, ಆಮೇಲೆ ಅದರ ಕಣ್ಣಿಗೆ ಎಳೆ ಸಿಕ್ಕಿಸಿ ಎಳೆಯಬೇಕಾಯಿತು. ಪ್ರತಿ ಎಳೆಗೂ ಮಾಲತಿಯ ವಂಶಕ್ಕೆ ಒಂದೊಂದು ಮಾತು ಸಂದಾಯವಾಯಿತು. ಕೊನೆಗೆ ತಣ್ಣೀರಲ್ಲಿ ಅದ್ದಿ, ಟವೆಲ್ಲಿನಲ್ಲಿ ಸುತ್ತಿ ಹಿಂಡಿ, ಮಂಚದ ಮೇಲೆ ಅಳತೆಗೆ ಹರಡಿ ಗುಂಡುಪಿನ್ನು ಚುಚ್ಚಿ ನೆರಳಲ್ಲೇ ಒಣಗಿಸಿದಳು. ಕಾರಿನ ಡ್ರೈವರು ಬಂದಾಗ, 'ಇದಕ್ಕೆ ಇಸ್ತ್ರಿ ಮುಟ್ಟಿಸಬ್ಯಾಡಿ ಅಂತ ಹೇಳು' ಎಂದು ಎರಡು ಸಲ ಹೇಳಿ ಕಳಿಸಿದಳು.

ನಾಮಕರಣದ ಬೆಳಿಗ್ಗೆ ಮಾಲತಿಯ ಫೋನು ಬಂತು. ದಾವಣಗೆರೆಯಿಂದ ತರಿಸಿದ ಆನೆ ಆಕಾರದ ಗುಂಡಿಗಳು ಈಗ ತಲುಪಿವೆ, ಬಂದು ಹೊಲಿದುಕೊಡಬೇಕಂತೆ. ಅಷ್ಟು ಹೆಂಗಸರಿರುವ ಮನೆಯಲ್ಲಿ ನಾಲ್ಕು ಗುಂಡಿ ಹಾಕಲು ಜನವಿಲ್ಲ. ಚಿತ್ತಮ್ಮ ಬಸ್ಸು ಹತ್ತಿದಳು.

ನಾಮಕರಣದ ಮನೆಯ ಹಜಾರದಲ್ಲಿ ನೆಂಟರು ಸೇರಿದ್ದರು. ಉಡುಗೊರೆಗಳ ನಡುವೆ ತಟ್ಟೆಯಲ್ಲಿದ್ದ ಸ್ವೆಟರ್ ಕಂಡು ಚಿತ್ತಮ್ಮನ ಕಾಲು ಅಲ್ಲೇ ನಿಂತಿತು. ಎದ್ದುನಿಂತಿದ್ದ ಹೆಣಿಗೆ ಚಪ್ಪಟೆಯಾಗಿ, ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಅಂಚುಗಳು ಸೋತು ಜೋಲುತ್ತಿದ್ದವು.

ಮಾಲತಿ ಯಾರಿಗೋ ಹೇಳುತ್ತಿದ್ದಳು: 'ನಾನು ಚೆನ್ನಾಗೇ ಹೆಣೆದಿದ್ದೆ. ಮೊಳಕಾಲ್ಮೂರಿಗೆ ಕೊಟ್ಟಿದ್ದೆ ನೋಡಿ, ಅವ್ರು ನೀರಲ್ಲಿ ಅದ್ದಿ ಹಿಂಗೆ ಮಾಡಿಟ್ರು.'

ಚಿತ್ತಮ್ಮನ ಕಿವಿ ಬಿಸಿಯಾಯಿತು. ದನಿ ಮಾತ್ರ ಏರಲಿಲ್ಲ. ಮುಂದೆ ಹೋಗಿ ತಟ್ಟೆಯಿಂದ ಟೋಪಿಯನ್ನೂ ಕಾಲುಚೀಲವನ್ನೂ ತೆಗೆದು ಸ್ವೆಟರಿನ ಪಕ್ಕ ಇಟ್ಟಳು. ಅವು ಮೊಲದ ಮರಿಯಂತೆ ಮೆತ್ತಗೆ ಉಬ್ಬಿದ್ದವು.

'ಇವನ್ನೂ ಅದೇ ನೀರಲ್ಲೇ ಅದ್ದಿದ್ದು. ಇವಕ್ಯಾಕೆ ಹಂಗಾಗಿಲ್ಲ?'

ಕೂಸನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಮುತ್ತಜ್ಜಿ ಗೀತಮ್ಮ, ಸ್ವೆಟರನ್ನು ಬೆರಳಲ್ಲಿ ತಿಕ್ಕಿ ನೋಡಿ ಮಾಲತಿಯ ಕಡೆ ಕತ್ತೆತ್ತಿದರು.

'ಇಸ್ತ್ರಿ ತಿಕ್ಕಿದ್ಯೇನೇ?'

'ಫೋಟೋಕ್ಕೆ ನೀಟಾಗಿ ಕಾಣ್ಲಿ ಅಂತ... ಸ್ವಲ್ಪ.'

'ಸ್ವಲ್ಪ' ಎಂದು ಚಿತ್ತಮ್ಮ ಆ ಮಾತನ್ನು ಹೇಸಿಗೆಯಂತೆ ಉಗುಳಿದಳು. 'ಇದು ಕುರಿ ತುಪ್ಪಟ ಅಲ್ರೀ, ಪ್ಲಾಸ್ಟಿಕ್ಕಿನ ನೂಲು. ಬಿಸಿ ತಾಕಿದ್ರೆ ಸತ್ತೋಗ್ತದೆ. ಕ್ಲಾಸು ನಡೆಸೋರಿಗೆ ನಾನು ಹೇಳ್ಬೇಕಾ?'

ಅಲ್ಲೇ ನೆಲದ ಮೇಲೆ ಕೂತು, ಸತ್ತ ಸ್ವೆಟರನ್ನು ಮಡಿಲಿಗೆ ಹಾಕಿಕೊಂಡು, ಆನೆ ಗುಂಡಿಗಳನ್ನು ಹೊಲಿಯತೊಡಗಿದಳು. ಇನ್ನೂ ಯಾಕೆ ಹೊಲಿಯುತ್ತೀರಿ ಎಂದು ಮೌನಿಕಾ ಮೆಲ್ಲಗೆ ಕೇಳಿದಳು. 'ಸಡ್ಲ ಇದ್ರೆ ಕೂಸು ಕಿತ್ತು ಬಾಯಿಗೆ ಹಾಕ್ಕಂತದೆ ಕಣಮ್ಮ' ಎಂದಳು ಚಿತ್ತಮ್ಮ, ಪ್ರತಿ ಗುಂಡಿಯನ್ನೂ ಎಳೆದು ನೋಡುತ್ತ. ಊಟಕ್ಕೆ ಕೂತು ಎರಡು ಹೋಳಿಗೆ ತಿಂದಳು. ಹೂರಣ ರುಬ್ಬಿದ್ದೂ ಅರ್ಧಂಬರ್ಧವೇ ಎನಿಸಿತು.

ಆಮೇಲೆ ಎರಡು ತಿಂಗಳು ಚಳ್ಳಕೆರೆಯಿಂದ ಒಂದು ಚೀಲವೂ ಬರಲಿಲ್ಲ. ಮಾಲತಿ ಕ್ಲಾಸಿನವರಿಗೆಲ್ಲ ತಾಕೀತು ಮಾಡಿದ್ದಳು. ಆಮೇಲೆ ಆಕೆಗೂ ಹೆಣಿಗೆ ಸಾಕಾಯಿತು. ಈಗ ಯಾರ ಮನೆಗೆ ಹೋದರೂ ಬೆಳ್ಳಿ ಲೋಟ ಕೊಡುತ್ತಾಳಂತೆ. ಕ್ಲಾಸು ಮುಚ್ಚಿದ ಮೇಲೆ ನಾಗರತ್ನ ನಾಲ್ಕು ಹೆಂಗಸರನ್ನು ಕರೆದುಕೊಂಡು ಬಂದಳು, ಎಲ್ಲರ ಕೈಯಲ್ಲೂ ಚೀಲ.

'ಇಟ್ಟು ಹೋಗೋದು ಬಂದಾಯ್ತು' ಎಂದಳು ಚಿತ್ತಮ್ಮ. 'ಬೇಕಿದ್ರೆ ಕೂತ್ಕಳಿ, ನೀವೇ ಹೊಲೀರಿ.'

ಈಗ ಗುರುವಾರದ ಮಧ್ಯಾಹ್ನಗಳಲ್ಲಿ ಅವರು ನಿಂತುಹೋದ ಮಗ್ಗದ ಪಕ್ಕ ಚಾಪೆಯ ಮೇಲೆ ಕೂತು ತೋಳು ಜೋಡಿಸುತ್ತಾರೆ. ಚಿತ್ತಮ್ಮ ಬಗ್ಗಿ ನೋಡಿ, ಒಂದು ಮಾತೂ ಆಡದೆ ಕತ್ತರಿಯಿಂದ ಹೊಲಿಗೆ ಬಿಚ್ಚಿಹಾಕುತ್ತಾಳೆ. ಎರಡನೇ ವಾರಕ್ಕೆ ಒಬ್ಬಳು ಅತ್ತಳು, ಮೂರನೇ ವಾರಕ್ಕೆ ಬರಲಿಲ್ಲ. ನಾಗರತ್ನ ಒಂದೇ ತೋಳನ್ನು ಐದು ಸಲ ಹೊಲಿದಳು. ಐದನೆಯದನ್ನು ಚಿತ್ತಮ್ಮ ಎರಡೂ ಕಡೆಯಿಂದ ಜಗ್ಗಿ ನೋಡಿದಳು, ಬೆಳಕಿಗೆ ಹಿಡಿದಳು, ತುಟಿ ಓರೆ ಮಾಡಲು ಒಂದಿಷ್ಟು ಕಾರಣ ಹುಡುಕಿದಳು. ಸಿಗಲಿಲ್ಲ.

'ಹೂಂ. ಇನ್ನೊಂದು ತೋಳು ತಗಾ' ಎಂದಳು.