ಬಿಷಪ್ಪರ ಹುಂಜ

ಹೋದ ಭಾನುವಾರ ಉಮರ್ಗಾದ ಚರ್ಚಿನಲ್ಲಿ ಸುಗ್ಗಿ ಹಬ್ಬದ ಆರಾಧನೆ. ಪಾಸ್ಟರು ಎಲ್ಲರಿಗೂ ಕಣ್ಣು ಮುಚ್ಚಿ ಮೌನವಾಗಿರಲು ಹೇಳಿದ್ದರು. ಆ ಮೌನದ ನಡುವೆ ಯಾರದೋ ಜೇಬಿನ ಮೊಬೈಲು ಹುಂಜದಂತೆ ಕೂಗಿತು. ಹುಡುಗರು ನಕ್ಕರು, ಹಿರಿಯರು ಕೆಮ್ಮಿ ನಗು ನುಂಗಿದರು. ನಾನು ಮಾತ್ರ ಕಣ್ಣು ತೆರೆಯಲಿಲ್ಲ. ತೆರೆದರೆ ಎದುರಿಗೆ ನಮ್ಮ ಶಾಂತತ್ತಿ ನಿಂತಿರುತ್ತಾಳೆ ಅನ್ನಿಸಿತು.

ಶಾಂತತ್ತಿ ನನ್ನ ತಂದೆಯ ತಂಗಿ. ಬೀದರ್ ಕಡೆಯಿಂದ ಮದುವೆಯಾಗಿ ಉಮರ್ಗಾ ಹತ್ತಿರದ ತುರೋರಿಯ ಆಚೆಗಿನ ಹಳ್ಳಿಗೆ ಬಂದವಳು. ಆ ಹಳ್ಳಿಯ ಚರ್ಚು ನಿಜಾಮರ ಕಾಲದ್ದು. ದಪ್ಪ ಕಲ್ಲಿನ ಗೋಡೆ, ಶಹಾಬಾದ್ ಫರಸಿಯ ನೆಲ, ಜಮಖಾನದ ಮೇಲೆ ಕೂಡುವ ಜನ, ಬಾಗಿಲ ಹೊರಗೆ ಚಪ್ಪಲಿಯ ಗುಡ್ಡೆ. ಗಾಳಿಯ ದಿಕ್ಕು ತೋರಿಸಲೆಂದು ಗೋಪುರದ ತುದಿಯಲ್ಲಿ ಕಬ್ಬಿಣದ ಹುಂಜವೊಂದನ್ನು ಕೂಡಿಸಿದ್ದರು. ತುಕ್ಕು ಹಿಡಿದ ಮೇಲೆ, ಗಾಳಿ ಎತ್ತ ಬೀಸಿದರೂ ಅದರ ಮುಖ ಸೋಲಾಪುರದ ಕಡೆಗೇ. ನಮ್ಮ ಬಿಷಪ್ಪರೂ ಆ ದಾರಿಯಿಂದಲೇ ಬರುತ್ತಿದ್ದರಾದ್ದರಿಂದ ಯಾರೂ ರಿಪೇರಿಯ ಗೋಜಿಗೆ ಹೋಗಲಿಲ್ಲ.

ನಿಮಗೆ ಇದೊಂದು ಹೇಳಬೇಕು. ನಮ್ಮ ಭಾಗದಲ್ಲಿ ಚರ್ಚು ಎರಡು ಬಗೆ, ಬಿಷಪ್ಪರೂ ಎರಡು ಬಗೆ. ನಮ್ಮದು ಪ್ರಾಟೆಸ್ಟೆಂಟರ ಮಿಷನ್ ಚರ್ಚು. ಉದ್ಗೀರ್ ಕಡೆಗೆ ಕೊಟ್ಟ ಅತ್ತಿಯ ಮಗಳದು ರೋಮನ್ ಕ್ಯಾಥೊಲಿಕ್ ಚರ್ಚು. ಅಲ್ಲಿಗೆ ಅವರ ಬಿಷಪ್ಪರು ಬಂದಾಗ ಹೋಗಿ ನೋಡಿಬಂದ ಶಾಂತತ್ತಿಯದು ತಿಂಗಳುಗಟ್ಟಲೆ ಒಂದೇ ಮಾತು: "ಅವರ ಟೊಪಗಿ ನೋಡಬೇಕು, ಎಷ್ಟ್ ಎತ್ತರ ಅದ! ನಮ್ಮವರದು ಬರೇ ಬೋಳ ತಲಿ."

ಸುಗ್ಗಿ ಹಬ್ಬಕ್ಕೆ ನಾವು ಬೆಳೆದದ್ದು, ಸಾಕಿದ್ದು ದೇವರಿಗೆ ಕಾಣಿಕೆ ಕೊಡುತ್ತೇವೆ. ಜೋಳದ ತೆನೆ, ತೊಗರಿ, ಕುಂಬಳಕಾಯಿ, ಕೋಳಿ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಎಲ್ಲದರ ಹರಾಜು. ಹರಾಜೆಂದರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ, ತಾನೇ ಎದ್ದುಬಿಡುತ್ತದೆ. ಯಾರಿಗೂ ಬೇಡವಾದ ಕುಂಬಳಕಾಯಿ ಹೊತ್ತು ಮನೆಗೆ ಹೋಗಿ ಬೈಸಿಕೊಳ್ಳುವವನು ನಾನು.

ಅತ್ತಿ ಒಂದು ಹುಂಜ ಸಾಕಿದ್ದಳು. ಮರಿಯಾಗಿದ್ದಾಗ ಅದಕ್ಕೆ ರೋಗ ಬಡಿದು ಕುತ್ತಿಗೆ ಚೆಲ್ಲಿತ್ತು. "ಇದು ಬದುಕಿದರ ನಿನಗೇ ಕೊಡ್ತೀನಿ, ದೇವರೇ" ಎಂದು ಹರಕೆ ಹೊತ್ತಳು. ಬದುಕಿತು. ಮಾವ ತೀರಿಕೊಂಡ ಮೇಲೆ ಬೆಳಿಗ್ಗೆ ಅವಳನ್ನು ಎಬ್ಬಿಸಲು ಅದೊಂದೇ ಉಳಿದಿತ್ತು; ಅದರ ಮೇಲೆ ಅವಳಿಗೆ ಜೀವ. ಮಾತು ತಪ್ಪುವಂತಿಲ್ಲ, ಹುಂಜ ಬಿಡುವಂತಿಲ್ಲ. ಕೊನೆಗೆ ಅವಳೇ ದಾರಿ ಕಂಡುಕೊಂಡಳು: ಹಬ್ಬಕ್ಕೆ ಕೊಡುವುದು, ಹರಾಜಿನಲ್ಲಿ ತಾನೇ ಬಿಡಿಸಿಕೊಳ್ಳುವುದು, ಮುಂದಿನ ವರ್ಷ ಮತ್ತೆ ಕೊಡುವುದು. ಇದು ಊರಿಗೆಲ್ಲ ಗೊತ್ತಿತ್ತು. ಹುಂಜದ ಸರದಿ ಬಂದಾಗ ಅತ್ತಿಯ ಮೇಲೆ ಬೆಲೆ ಕೂಗದೆ ಎಲ್ಲರೂ ಆಕಾಶ ನೋಡುತ್ತಿದ್ದರು. ಹಬ್ಬಕ್ಕೆಂದು ಅಲ್ಲಿಗೆ ಹೋಗಿರುತ್ತಿದ್ದ ನನ್ನ ಕೈಯನ್ನು ನನ್ನ ಹೆಂಡತಿ ಹಿಡಿದುಕೊಂಡಿರುತ್ತಿದ್ದಳು.

ಒಂದು ವರ್ಷ ಹಬ್ಬಕ್ಕೆ ಹೊಸ ಬಿಷಪ್ಪರು ಬಂದರು. ಕಲಬುರಗಿ ಕಡೆಯವರು, ನಗುಮುಖದವರು. ಅವರಿಗೆ ಯಾರೂ ಈ ಸಂಗತಿ ಹೇಳಿರಲಿಲ್ಲ. ಅತ್ತಿ ಹುಂಜಕ್ಕೆ ಒಂದು ಬೆಲೆ ಕೂಗಿದಳು. ಜನರನ್ನು ಹುರಿದುಂಬಿಸೋಣವೆಂದು ಬಿಷಪ್ಪರು ಅದರ ಮೇಲೆ ಕೂಗಿದರು. ಬಿಷಪ್ಪರ ಮೇಲೆ ಕೂಗುವುದು ಹೇಗೆ? ಅತ್ತಿ ದುಡ್ಡಿಗೆಂದು ಬಿಚ್ಚಿದ ಸೆರಗಿನ ಗಂಟನ್ನು ಮತ್ತೆ ಕಟ್ಟಿಕೊಂಡಳು. ಗೆದ್ದ ಹುಂಜವನ್ನು ಬಿಷಪ್ಪರು ಖುಷಿಯಿಂದ ಅವಳ ಕೈಗೇ ಕೊಟ್ಟರು.

"ಆಯಿ, ಇವತ್ತ ನಮ್ಮ ಊಟ ನಿಮ್ಮ ಮನ್ಯಾಗೇ ಅಂತ ಹೇಳ್ಯಾರಲ್ಲ. ಇದನ್ನೇ ಮಾಡ್ರಿ."

ಊಟಕ್ಕೆ ಕೂತೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಂದವು. ಕೋಳಿ ಬರಲಿಲ್ಲ.

"ಆಯಿ, ಹುಂಜ ಎಲ್ಲದ?" ಎಂದರು ಬಿಷಪ್ಪರು.

"ಕೈ ತಪ್ಪಿಸಿಕೊಂಡು ಓಡಿ ಹೋಯ್ತರೀ" ಎಂದಳು ಅತ್ತಿ.

ಪಾಸ್ಟರು ಗಾಬರಿಯಾದರು. "ಯಾವ ಕಡಿ ಹೋಯ್ತು? ಹುಡಕಸ್ತೀನಿ."

"ನಾ ನೋಡಿಲ್ರೀ."

ಬಿಷಪ್ಪರ ಡ್ರೈವರ್ ಕಿವಿಗೊಟ್ಟ. "ಒಳಗ ಏನೋ ಕೆದರಿದಂಗ ಸಪ್ಪಳ ಆಗ್ಲತ್ತದಲ್ಲ?"

"ಅದು ಇಲಿ! ಈ ಮನ್ಯಾಗ ಹುಂಜನೇ ಇಲ್ಲ!"

ಅಷ್ಟಕ್ಕೇ ಕಾದಿದ್ದಂತೆ, ಒಳಕೋಣೆಯ ಬುಟ್ಟಿಯ ಕೆಳಗಿನಿಂದ ಹುಂಜ ಗಂಟಲು ಹರಿದು ಕೂಗಿತು.

ಯೇಸುವನ್ನು ಅರಿಯೆನೆಂದು ಶಿಷ್ಯನೊಬ್ಬ ಮೂರು ಸಲ ಹೇಳಿದ ಕೂಡಲೇ ಕೋಳಿ ಕೂಗಿದ ಕತೆ ನಮ್ಮಲ್ಲಿ ಎಳೆಮಕ್ಕಳಿಗೂ ಗೊತ್ತು. ಅತ್ತಿಗೂ ಗೊತ್ತು. ಕೈಯ ರೊಟ್ಟಿ ಕೆಳಗೆ ಬಿತ್ತು, ಸೆರಗು ಬಾಯಿಗೆ ಹೋಯಿತು, ಕಣ್ಣು ತುಂಬಿತು.

"ದೇವರಿಗಿ ಕೊಟ್ಟಿದ್ದು ಮುಚ್ಚಿಟ್ಟೀನ್ರೀ. ನಿಮಗೂ ಸುಳ್ಳ ಹೇಳೀನಿ. ಏನ್ ಮಾಡ್ಲಿ, ಅದರ ಕುತ್ತಿಗಿಗಿ ಕೈ ಹೋಗವಲ್ದು."

ಬಿಷಪ್ಪರು ಬಿಕ್ಕಳಿಕೆ ಬರುವವರೆಗೆ ನಕ್ಕರು. ನೀರು ಕುಡಿದು, ಮೆತ್ತಗೆ ಹೇಳಿದರು: "ಆಯಿ, ದೇವರಿಗಿ ನೀವು ಕೊಟ್ರಿ, ನಾ ಬಿಡಿಸಿಕೊಂಡೆ. ಈಗ ಅದು ನಂದು, ಹೌದಲ್ಲ? ನಂದು ನಿಮ್ಮ ಮನ್ಯಾಗ ಇರಲಿ. ಭಾನುವಾರ ಊರ ಮಂದಿಗಿ ಚರ್ಚಿಗಿ ಎಬ್ಬಸ್ಲಿ."

ಅತ್ತಿ ಕಣ್ಣೊರೆಸಿಕೊಂಡಳು.

"ಹಂಗಾದ್ರ ಅದರ ಜ್ವಾಳ ಯಾರ ಕೊಡೋರ್ರೀ?"

ಮರುತಿಂಗಳು ಸೋಲಾಪುರದ ಬಸ್ಸಿನಲ್ಲಿ ಬಿಷಪ್ಪರು ಕಳಿಸಿದ ಒಂದು ಚೀಲ ಜೋಳ ಬಂತು. ಅಂದಿನಿಂದ ಅತ್ತಿ ರೋಮನ್ ಬಿಷಪ್ಪರ ಟೊಪಗಿಯ ಸುದ್ದಿ ತೆಗೆಯಲಿಲ್ಲ. ಹುಂಜ ಮುದಿಯಾಗಿ ತಾನಾಗೇ ಸತ್ತಿತು. ಈಗ ಅತ್ತಿಯೂ ಇಲ್ಲ. ಅವಳನ್ನು ನೆನೆದಾಗೆಲ್ಲ ನಗು ಮೊದಲು ಬರುತ್ತದೆ, ಅಳು ಆಮೇಲೆ.

ಹೋದ ಭಾನುವಾರವೂ ಆರಾಧನೆಯ ಮೇಲೆ ಹರಾಜು ನಡೆಯಿತು. ಕರಿ ಬಣ್ಣದ ಕೋಳಿಯೊಂದು ಬಂತು. ಅದನ್ನು ಕೊಟ್ಟ ಹೆಂಗಸು ದೂರ ಸರಿಯದೆ, ಅದರ ರೆಕ್ಕೆಯ ಮೇಲೆ ಒಂದು ಬೆರಳಿಟ್ಟುಕೊಂಡೇ ನಿಂತು, ಸಣ್ಣ ದನಿಯಲ್ಲಿ ಬೆಲೆ ಕೂಗಿದಳು. ಹೆಂಡತಿ ಜೊತೆಗಿರಲಿಲ್ಲ, ನನ್ನ ಕೈ ಆಗಲೇ ಮೇಲೆದ್ದಿತ್ತು. ಆಕೆ ನನ್ನತ್ತ ನೋಡಿದಳು.

"ಕೂಗ್ತೀರೇನ್ರೀ?" ಎಂದ ಹರಾಜಿನವ.

ನಾನು ಎತ್ತಿದ ಕೈಯಿಂದ ತಲೆ ಕೆರೆದುಕೊಂಡು ಆಕಾಶ ನೋಡಿದೆ.